ಮುಖ್ಯವಲ್ಲದ ಕೈ

ಲಕ್ವ ಹೊಡೆದವರ ಕೈಗಳನ್ನು ಪರೀಕ್ಷಿಸಿ ತೀರ್ಪು ಕೊಡುವ ಶಿಬಿರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಎಡಗೈ ‘ಮುಖ್ಯವಲ್ಲದ ಕೈ’ ಎಂದು ತಾವು ತೀರ್ಮಾನಿಸಿ, ಚನ್ನಗಿರಿಯಲ್ಲಿ ನನಗೆ ಸಿಗುತ್ತಿದ್ದ ವ್ಯಾಯಾಮ ಚಿಕಿತ್ಸೆಯನ್ನು ನಿಲ್ಲಿಸಿದ್ದೀರಿ. ಹುಟ್ಟಿದಾಗಿನಿಂದ ಜೊತೆಗಿದ್ದ ಕೈಯ ಯೋಗ್ಯತೆ ನನಗೇ ಗೊತ್ತಿರಲಿಲ್ಲ. ತಾವು ಒಂದು ಲೋಟ, ಒಂದು ಬಾಚಣಿಗೆ, ಒಂದಿಷ್ಟು ಅಂಗಿಗುಂಡಿಗಳಲ್ಲಿ ಅದನ್ನು ಅಳೆದುಬಿಟ್ಟಿರಿ. ತಮ್ಮ ಜಾಣ್ಮೆಗೆ ಶರಣು. ಆದರೆ ಆ ತೀರ್ಪು ತಪ್ಪು. ಯಾಕೆ ತಪ್ಪು ಎಂದು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ನಾನು ತ್ಯಾವಣಿಗೆಯವನು, ಅಡಿಕೆ ವ್ಯಾಪಾರಿ. ಕಳೆದ ವರ್ಷ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಕಾಲು ಹೇಗೋ ಎದ್ದುಕೊಂಡಿತು. ಕೈ ಮಾತ್ರ ಮುಷ್ಟಿ ಬಿಗಿದುಕೊಂಡು ಕೂತಿದೆ. ಶಿಬಿರದಲ್ಲಿ ತಮ್ಮ ಕಡೆಯ ಹುಡುಗಿ, ಒಳ್ಳೆಯವಳೇ, ಸಾಲಾಗಿ ಕೂತ ಜನರೆಲ್ಲರ ಎದುರು ಕೇಳಿದಳು:

“ಯಾವ ಕೈಯಾಗೆ ಉಣ್ತೀರಿ ಯಜಮಾನ್ರೆ?”

“ಬಲಗೈಯಾಗಮ್ಮ.”

“ಬರೆಯಾದು?”

“ಅದೂ ಬಲಗೈಯಾಗೇ.”

“ಹಂಗಾರೆ ಬಚಾವಾದ್ರಿ ಬಿಡ್ರಿ, ಹೋಗಿರಾದು ಎಡಗೈ. ಬೇರೆ ಏನಾರ ತೊಂದ್ರೆ ಐತಾ?”

ಪಕ್ಕದಲ್ಲೇ ಸೊಸೆ ಸಂಧ್ಯಾರಾಣಿ ನಿಂತಿದ್ದಳು. “ಏನಿಲ್ಲಮ್ಮ” ಎಂದೆ. ಆ ಹುಡುಗಿ ಅದನ್ನೇ ಬರೆದುಕೊಂಡಳು.

ಮಾನ್ಯರೇ, ಉಣ್ಣುವ ಕೈ ಯಾವುದೆಂದು ಕೇಳಿದಿರಿ. ಪಾಯಿಖಾನೆಯಲ್ಲಿ ತೊಳೆದುಕೊಳ್ಳುವ ಕೈ ಯಾವುದೆಂದು ಯಾಕೆ ಕೇಳಲಿಲ್ಲ? ತಾವೇನು ಈ ನಾಡಿನಲ್ಲಿ ಹುಟ್ಟಿ ಬೆಳೆದವರಲ್ಲವೇ? ತಮ್ಮ ಮನೆಯಲ್ಲಿ ಚೊಂಬು ಇಲ್ಲವೇ?

ಮೊದಮೊದಲು ಬಲಗೈಯಲ್ಲೇ ತೊಳೆದುಕೊಂಡೆ. ಆಮೇಲೆ ಸೋಪು ಹಾಕಿ ಎಷ್ಟು ಉಜ್ಜಿದರೂ ಆ ಕೈಯಿಂದ ತುತ್ತು ಎತ್ತಲು ಮನಸ್ಸು ಒಪ್ಪಲಿಲ್ಲ. ಸ್ಪೂನಿನಲ್ಲಿ ಮುದ್ದೆ ತಿನ್ನಲು ಹೋದೆ. “ಸಾವ್ಕಾರಿಗೆ ಶೋಕಿ ಬಂತು” ಎಂದು ನೆಂಟರು ನಕ್ಕರು. ನಾನೂ ನಕ್ಕೆ, ಅರ್ಧ ಹೊಟ್ಟೆಯಲ್ಲಿ ಎದ್ದೆ. ದಿನದಿನಕ್ಕೆ ಸೊರಗುತ್ತಿದ್ದುದನ್ನು ನೋಡಿ ನನ್ನ ಹೆಂಡತಿ ನಿರ್ಮಲಮ್ಮ ಒಂದು ಬೆಳಿಗ್ಗೆ ಪಾಯಿಖಾನೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

“ಚಂಬು ಬಿಡ್ರಿ. ನಾನೇ ತೊಳಿತೀನಿ.”

“ಬ್ಯಾಡ ಕಣೇ, ಹೋಗು ಅತ್ಲಾಗೆ.”

“ಮಕ್ಕಳಿಗೆ ತೊಳೆದಿಲ್ಲೇನ್ರೀ? ನಿಮಗೆ ತೊಳೆಯಾಕೆ ಏನಾಗೈತೆ? ನೀವು ಉಂಡ್ರೆ ಸಾಕು ನನಗೆ.”

ಅಂದಿನಿಂದ ಅವಳೇ ತೊಳೆಯುತ್ತಾಳೆ. ನಾನು ಗೋಡೆ ನೋಡುತ್ತೇನೆ. ಮೊನ್ನೆ ತಂಗಿಯ ಮಗಳ ಮದುವೆಗೆಂದು ಅವಳು ಹೊನ್ನಾಳಿಗೆ ಹೋದಾಗ, ವಾಪಸ್ಸು ಬರುವವರೆಗೂ ಮಜ್ಜಿಗೆ ಕುಡಿದುಕೊಂಡೇ ಇದ್ದೆ. “ಯಾಕ್ ಮಾವಾರೆ, ನನ್ ಕೈ ಅಡಿಗೆ ಸೇರಲ್ವಾ?” ಎಂದು ಸೊಸೆ ಮುಖ ಸಣ್ಣ ಮಾಡಿಕೊಂಡಳು. ಏನೆಂದು ಹೇಳಲಿ?

ಇಷ್ಟೇ ಆಗಿದ್ದರೂ ನುಂಗಿಕೊಳ್ಳುತ್ತಿದ್ದೆನೇನೋ. ನಾವು ಲಿಂಗಧಾರಿಗಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೇ ನಮ್ಮ ಪೂಜೆ. ಮುಷ್ಟಿ ಬಿಡಿಸಲು ಬಾರದೆ ಲಿಂಗ ಈಗ ಕೊರಳ ಕರಡಿಗೆಯಲ್ಲೇ ಉಳಿದಿದೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸುಮ್ಮನೆ ಕಣ್ಣು ಮುಚ್ಚಿ ಕೂತು ಎದ್ದು ಬರುತ್ತೇನೆ. ಪೂಜೆ ಆಯಿತೆಂದು ಮನೆಯವರು ತಿಂಡಿ ಕೊಡುತ್ತಾರೆ.

ಅಂದೇ ಶಿಬಿರದಲ್ಲಿ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಸ್ವಾಮಿ, ಸೊಸೆಯ ಎದುರು, ಊರವರ ಎದುರು, ಮಗಳ ವಯಸ್ಸಿನ ಹುಡುಗಿ ಕೇಳಿದರೆ ಜಗಳೂರಿನಿಂದ ನ್ಯಾಮತಿಯವರೆಗೆ ಯಾವ ಗಂಡಸು ಇಂಥದ್ದನ್ನು ಹೇಳಿಯಾನು? ಹೆಂಗಸರ ಪಾಡು ಇನ್ನೇನೋ! “ಏನಿಲ್ಲ” ಎಂದು ಎದ್ದುಹೋದವರು ನನ್ನಂತೆ ಎಷ್ಟು ಜನರಿದ್ದಾರೋ, ತಮ್ಮ ಲೆಕ್ಕದಲ್ಲಿ ಅವರೆಲ್ಲ ಗುಣವಾದವರು.

ನನ್ನನ್ನು ಮತ್ತೊಮ್ಮೆ ಪರೀಕ್ಷಿಸಿ. ಬಾಗಿಲು ಹಾಕಿಕೊಂಡು, ಗಂಡಸರನ್ನು ಗಂಡಸರು, ಹೆಂಗಸರನ್ನು ಹೆಂಗಸರು ಕೇಳಲಿ. ಎಡಗೈ ಏನೇನು ಮಾಡುತ್ತಿತ್ತು ಎಂದೂ ಕೇಳಲಿ. ನಿಲ್ಲಿಸಿದ ಚಿಕಿತ್ಸೆಯನ್ನು ಮತ್ತೆ ಶುರು ಮಾಡಿ. ಇದನ್ನೆಲ್ಲ ಓದಿ ತಮಗೆ ಅಸಹ್ಯವಾಗಿದ್ದರೆ ಕ್ಷಮಿಸಿ, ನನಗೆ ದಿನಾ ಬೆಳಿಗ್ಗೆ ಆಗುತ್ತದೆ.

ತಡ ಮಾಡಬೇಡಿ. ನಿರ್ಮಲಮ್ಮನಿಗೆ ಈಗೀಗ ಮಂಡಿ ಹಿಡಿದುಕೊಳ್ಳುತ್ತಿದೆ, ಬಗ್ಗಿದರೆ ಏಳಲಾಗುವುದಿಲ್ಲ. ಅವಳಿಗೆ ಪೂರ್ತಿ ಆಗದೇ ಹೋದ ದಿನ ಆ ಬಾಗಿಲು ತಳ್ಳಿಕೊಂಡು ಒಳಗೆ ಬರುವವಳು ನನ್ನ ಸೊಸೆ. ಒಳ್ಳೆಯ ಹುಡುಗಿ, ಬೇಡವೆಂದರೂ ಬರುತ್ತಾಳೆ.

ಇಂತಿ,
ಎರಡು ಕೈ ಜೋಡಿಸಿ ನಮಸ್ಕಾರ ಹೇಳಲೂ ಆಗದ
ನಾಗರಾಜಪ್ಪ, ತ್ಯಾವಣಿಗೆ