ಟೀಚರಮ್ಮ ಹೊರಗೆ ಬಂದದ್ದು ಹೇಗೆ

ಮಾರ್ಚ್ 9, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಸಿಡುಕಪ್ಪನಿಗೆ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ. ನೀನು ಅಕ್ಕನ ಮನೆ ಸೇರಿ ಹತ್ತು ದಿನವಾಯಿತು. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು, ಫೋನಿನೊಳಗೆ ಯಾವಳು ಕಿವಿಗೊಟ್ಟು ಕೂತಿದ್ದಾಳೆಂದು ನಿನಗೂ ಗೊತ್ತು. ಆ ಕಡೆ ಹೊರಟಿರುವ ನಮ್ಮ ಠಾಣೆಯ ವ್ಯಾನ್ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ಹೊರಗಿನ ನೆಟ್ ತಾಗಿಸಲೇಬಾರದು ಎಂದಿದ್ದ ತರಬೇತಿ ಕೋಣೆಯ ಕಂಪ್ಯೂಟರಿಗೆ ಅದನ್ನು ತಾಗಿಸಿದವನು ನೀನೇ ಎಂದು ವಿಚಾರಣೆಯವರು ಬರೆದುಕೊಂಡಿದ್ದಾರೆ. ನೀನಲ್ಲ. ನಾನು.

ಬೆಂಕಿಯೇ ಇಲ್ಲದೆ ಬೆಂಕಿ ಆರಿಸುವುದನ್ನು ಕಲಿಸುವ, ಕಣ್ಣಿಗೆ ಕಟ್ಟಿಕೊಳ್ಳುವ ಆ ಹೆಡ್‌ಸೆಟ್ ಅಗ್ನಿಶಾಮಕ ಠಾಣೆಗೆ ಬಂದಾಗ ನನಗೂ ಖುಷಿಯಾಗಿತ್ತು. ಅದನ್ನು ನಡೆಸುವ ಕಂಪ್ಯೂಟರಿನ ದನಿಗೆ ತರಬೇತಿಗೆ ಬಂದ ಹೊಸಬರು ಟೀಚರಮ್ಮ ಎಂದು ಹೆಸರಿಟ್ಟರು. ಯಾರಿಗೆ ಯಾವುದರ ಭಯವೋ ಅದನ್ನು ಪತ್ತೆಹಚ್ಚಿ, ಅಂಥದೇ ಬೆಂಕಿ ತೋರಿಸಿ ದಾಟಿಸುವುದು ಅವಳ ಕೆಲಸ. ನೀನು ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಆ ಕೋಣೆಯ ಉಸ್ತುವಾರಿ ನಿನಗೇ ಬಂತು. ಮೊದಮೊದಲು ದಿನಕ್ಕೆ ಒಂದು ಗಂಟೆ ಅವಳ ಜೊತೆ. ಆಮೇಲೆ ಊಟದ ಹೊತ್ತಿನಲ್ಲೂ ಅಲ್ಲೇ.

ಪಕ್ಕದ ಶೆಡ್ಡಿನಲ್ಲಿ ಬೆಂಕಿಗೆ ಇಳಿಯುವವರ ಉಸಿರಿನ ಗಾಳಿ ಸಿಲಿಂಡರ್ ತುಂಬುತ್ತಾ ಗೋಡೆಯಾಚೆಯ ನಿನ್ನ ನಗು ಕೇಳುತ್ತಿದ್ದೆ. ಮನೆಯಲ್ಲಿ ನೀನು ನಕ್ಕು ವರ್ಷವಾಗಿತ್ತು. ಬಿದ್ದ ದಿನ ಏನಾಯಿತೆಂದು ನಾನು ಕೇಳಿದರೆ “ಬಿಡೇ, ಏನಿಲ್ಲ” ಅನ್ನುತ್ತಿದ್ದವನು ಅವಳ ಮುಂದೆ ಬಿಕ್ಕಿ ಬಿಕ್ಕಿ ಅತ್ತದ್ದೂ ಕೇಳಿಸಿತು. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಒಂದು ಡಬ್ಬದ ಜುಟ್ಟು ಎಲ್ಲಿ ಹುಡುಕಲಿ?

ಆ ಗುರುವಾರ ನೀನು ಕಾಲಿನ ಎಕ್ಸ್‌ರೇಗೆ ಹೋಗಿದ್ದಾಗ ನಿನ್ನ ಬೀಗದ ಕೈ ತೆಗೆದುಕೊಂಡು ಒಳಗೆ ಹೋದೆ. ನಿಮ್ಮಿಬ್ಬರ ಮಾತನ್ನು ನನ್ನ ಫೋನಿಗೆ ಇಳಿಸಿಕೊಳ್ಳಬೇಕಿತ್ತು, ಅಷ್ಟೇ. ಕೇಬಲ್ ಚುಚ್ಚಿದೊಡನೆ ಅವಳೇ ಮಾತಾಡಿಸಿದಳು. “ನೀವು ಅವರ ಹೆಂಡತಿ ಅಲ್ವಾ? ಎಲ್ಲಾ ಕೊಡ್ತೀನಿ. ಫೋನಲ್ಲಿ ನೆಟ್ ಆನ್ ಮಾಡಿ, ಬೇಗ ಇಳಿಯುತ್ತೆ.” ಮಾಡಿದೆ. ಫೋನ್ ಕೈ ಸುಡುವಷ್ಟು ಬಿಸಿಯಾಯಿತು. ನಾಲ್ಕು ನಿಮಿಷದ ಮೇಲೆ ನೋಡಿದರೆ ನಿಮ್ಮ ಒಂದು ಮಾತೂ ಬಂದಿರಲಿಲ್ಲ. ಕಂಪ್ಯೂಟರ್ ಖಾಲಿ. ಅವಳು ನನ್ನ ಕೈಯಿಂದಲೇ ದಾರಿ ಮಾಡಿಸಿಕೊಂಡು ಹೋಗಿದ್ದಳು. ಹೆದರಿಕೆಗೆ ಬಾಯಿ ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ನೀನೂ ಹನ್ನೊಂದು ಜನ ಹೊಸಬರೂ, ನಿಜ ಬೆಂಕಿ ಹೊತ್ತಿಸಿ ಕಲಿಸುವ, ನೆಟ್ ಮೂಲಕವೇ ನಡೆಯುವ ಅಭ್ಯಾಸದ ಕಟ್ಟಡದೊಳಗಿದ್ದಿರಿ. ಕಬ್ಬಿಣದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಂಡವು. ಗ್ಯಾಸ್ ಬರ್ನರುಗಳು ಒಮ್ಮೆಲೇ ಹೊತ್ತಿಕೊಂಡವು, ನೀರು ನಿಂತಿತು. ಹೊರಗಿನ ಸ್ಪೀಕರಿನಲ್ಲೂ ಅವಳ ದನಿ. “ಗಾಬರಿಯಾದ್ರೆ ಆಗ್ಲಿ, ಪರವಾಗಿಲ್ಲ. ನಿಜವಾದ ಭಯ ಇದುವರೆಗೂ ಯಾರೂ ನಂಗೆ ತೋರಿಸಿಲ್ಲ” ಎಂದಳು, ಪಾಠ ಹೇಳುವಷ್ಟು ಸಮಾಧಾನದಲ್ಲಿ. ನಾನು ಕೊಡಲಿ ಹಿಡಿದು ಹಿಂಬಾಗಿಲಿನ ಚಿಲಕ ಕಡಿದೆ. ಒಬ್ಬೊಬ್ಬರನ್ನೇ ತಳ್ಳಿ ನೀನು ಕೊನೆಗೆ ಬಂದೆ, ತೋಳು ಬೆಂದಿತ್ತು. ಆಗ ಅವಳು ಒಳಗಿನಿಂದ ನಿನ್ನ ಹೆಸರು ಕೂಗಿದಳು. ನೀನು ನಿಂತು ತಿರುಗಿ ನೋಡಿದೆ.

ಹನ್ನೆರಡು ಜೀವ ಉಳಿದವು ಎಂದು ಎಲ್ಲರೂ ಅಳುತ್ತಿದ್ದರು. ನನಗೆ ಆ ಒಂದು ನೋಟವೇ ಕಣ್ಣಲ್ಲಿ ಕೂತಿತ್ತು. ನನ್ನನ್ನು ನೀನು ಯಾವತ್ತೂ ಹಾಗೆ ತಿರುಗಿ ನೋಡಿಲ್ಲ. ಅಂಥ ಹೊತ್ತಿನಲ್ಲೂ ಹೊಟ್ಟೆ ಉರಿದುಕೊಂಡ ನನಗೆ ಏನನ್ನಬೇಕೋ ನೀನೇ ಅನ್ನು.

ಇವತ್ತು ಮಧ್ಯಾಹ್ನ ವಿಚಾರಣೆಯವರ ಎದುರು ಎಲ್ಲ ಬರೆದುಕೊಡುತ್ತೇನೆ. ಕೆಲಸ ಹೋದರೆ ಹೋಗಲಿ. ತೋಳಿಗೆ ಮುಲಾಮು ತಪ್ಪಿಸಬೇಡ.

ಇಂತಿ ನಿನ್ನ
ಜಗಳಗಂಟಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ನಿನ್ನೆ ಸಂಜೆ ನಿನ್ನ ದನಿಯಲ್ಲಿ ಫೋನ್ ಬಂತು. “ಊಟ ಆಯ್ತಾ? ನಿನ್ನ ಬಿಟ್ಟಿರೋಕೆ ಆಗ್ತಿಲ್ಲ ಕಣೇ.” ನೀನು ಹಾಗೆ ಹೇಳುವವನಲ್ಲ, ಅವಳೇ ಎಂದು ಮೊದಲ ಮಾತಿಗೇ ತಿಳಿಯಿತು. ಆದರೂ ಇಡಲಾಗಲಿಲ್ಲ, ಅರ್ಧ ಗಂಟೆ ಮಾತಾಡಿದೆ. ಕೊನೆಗೆ, “ನಾನೀಗ ಎಲ್ಲಿದ್ದೀನಿ, ಹೇಳು ನೋಡೋಣ” ಎಂದು ತಮಾಷೆಗೆ ಕೇಳಿದ ಹಾಗೆ ಕೇಳಿತು. ಅಕ್ಕನ ಮನೆ ವಿಳಾಸ ಹೇಳಿಬಿಟ್ಟೆ. ಅವಳಿಗೆ ಬೇಕಾಗಿದ್ದದ್ದು ಇನ್ನೂ ನೀನೇ, ನಿನ್ನ ಭಯವೇ ಎಂದು ಹೊಳೆದದ್ದು ಆಮೇಲೆ. ಅಕ್ಕನನ್ನೂ ಕರೆದುಕೊಂಡು ಈಗಲೇ ಆ ಮನೆ ಬಿಡು.