ಎಡಗೈ ಎತ್ತುವವರೆಗೆ

ಟ್ರೊಂಡ್‌ಹೈಮ್, ಅಕ್ಟೋಬರ್ ೧೪

ಮುಂದಿನ ಸಾಲಿನ ಮಹನೀಯರೇ! ಬಾಲ್ಕನಿಯಲ್ಲಿ ಸೀನುತ್ತ ಕೂತ ಮಹಾಜನರೇ! ಒದ್ದೆ ಕೋಟು ಬಿಚ್ಚಿಡಿ, ಕೆಮ್ಮುವವರು ಈಗಲೇ ಕೆಮ್ಮಿಬಿಡಿ!

ಪ್ರೀತಿಯ ಸಿಗ್ರುನ್, ನಗಬೇಡ. ಎದುರಿಗೆ ಸಭೆಯಿದೆ ಎಂದುಕೊಳ್ಳದೆ ನನ್ನ ಬಾಯಿಂದ ನಿಜ ಹೊರಡುವುದಿಲ್ಲ. ಈ ಸಭೆಯಲ್ಲಿ ಕುರ್ಚಿ ಒಂದೇ, ಅದು ನಿನ್ನದು.

ನನ್ನ ಬದುಕಿನ ಮೇಲೆ ಸಿನಿಮಾ ಮಾಡುತ್ತಿದ್ದಾರೆ, ಕೇಳಿರಬೇಕು. ಹಿಂದಿರುಗಿ ನೋಡುವ ಮುದುಕನ ಪಾತ್ರ ನನ್ನದೇ. ಕುಡಿತ, ಜಗಳ, ನೀನು ಪೆಟ್ಟಿಗೆ ಹಿಡಿದು ಮನೆಬಿಟ್ಟ ದಿನ, ಎಲ್ಲವನ್ನೂ ಧಾರಾಳವಾಗಿ ಒಪ್ಪಿಕೊಂಡೆ. ಒಪ್ಪಿಕೊಂಡಷ್ಟೂ ಚಪ್ಪಾಳೆ. ಒಂದನ್ನು ಮಾತ್ರ ನುಂಗಿಕೊಂಡೆ.

ಇವತ್ತು ಅದರದೇ ತಾಲೀಮು. ರಂಗದ ಅಂಚಿನಲ್ಲಿ, ಮರೆತ ಮಾತನ್ನು ನಟರಿಗೆ ನೀನು ಪಿಸುಗುಟ್ಟಿ ನೆನಪಿಸುತ್ತಿದ್ದ ಪ್ರಾಂಪ್ಟರ್ ಗೂಡಿನಲ್ಲಿ, ನಿನ್ನ ಪಾತ್ರದ ನಟಿ ಪುಸ್ತಕದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾಳೆ. ಮೇಲೆ ರಂಗದಲ್ಲಿ ನನ್ನ ಯೌವನದ ಪಾತ್ರ ಮಾಡುವ ಹುಡುಗ ಮಾತು ಮರೆತು ಬೆವರುತ್ತಾನೆ. ಲೈಟಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಿರ್ದೇಶಕಿ ಎಲಿನೆ ನನ್ನತ್ತ ತಿರುಗಿ, "ಹಾಲ್ವರ್, ನಿಮ್ಮಾಕೆ ಹೀಗೇ ಗೊರಕೆ ಹೊಡೀತಿದ್ರಾ?" ಎಂದಳು.

"ಇದಕ್ಕಿಂತ ಜೋರಾಗಿ" ಎಂದೆ. ಹೌದು ಸಿಗ್ರುನ್, ಇವತ್ತು ಮತ್ತೆ ಹಾಗೆಂದೆ.

ಆ ನಟಿ ಗೂಡಿನಿಂದೆದ್ದು ಕಾಫಿ ಹೀರುತ್ತ ಕೇಳಿದಳು: "ಅಲ್ಲಾ, ಮೂಗಿನ ಮುಂದೇನೇ ನಿಮ್ಮ ಬೂಟು ಧಡಧಡ ಅಂತಿರುವಾಗ ಯಾರಿಗ್ರೀ ನಿದ್ದೆ ಬರುತ್ತೆ?" ನಲವತ್ತೊಂದು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ನನ್ನ ಕೈಯ ವಾಫಲ್ ಕೈಯಲ್ಲೇ ಉಳಿಯಿತು.

ಬಾಲ್ಕನಿಗೂ ಕೇಳಲಿ, ಆ ದಿನ ನಿಜವಾಗಿ ನಡೆದದ್ದು ಇಷ್ಟು. ಮೂರನೇ ಅಂಕದಲ್ಲಿ ದೊಡ್ಡದೊಂದು ಮೌನ ಇಡಬೇಕೆಂಬ ಹುಚ್ಚು ನನಗೇ ಹತ್ತಿತ್ತು. "ನಾನು ಎಡಗೈ ಎತ್ತೋವರೆಗೆ ಉಸಿರೆತ್ತಬೇಡ. ನನ್ನ ಮೌನ ಕೆಡಿಸಿದ್ರೆ ನೋಡು!" ಎಂದು ಬೆಳಗ್ಗೆ ಗದರಿಸಿ ನಿನ್ನ ಪುಸ್ತಕದಲ್ಲೂ ಬರೆದೆ. ಸಂಜೆ ಕುಡಿದು ಬಂದೆ. ಮೌನವೇನೋ ಬಂತು, ಮುಂದಿನ ಮಾತು ಮರೆತುಹೋಯಿತು, ಎತ್ತಬೇಕಾದ ಕೈಯೂ ಮರೆತುಹೋಯಿತು. ನೀನು ಕಣ್ಣು ಮಿಟುಕಿಸದೆ ನನ್ನ ಎಡಗೈಯನ್ನೇ ನೋಡುತ್ತಿದ್ದೆ. ಜನ ಮೊದಲು ಭಕ್ತಿಯಿಂದ ಕಾದರು, ಆಮೇಲೆ ಸಿಳ್ಳೆ ಹೊಡೆದರು. ಪರದೆ ಬಿತ್ತು.

ಮ್ಯಾನೇಜರಿಗೆ ನಾನು, "ಅವಳು ನಿದ್ದೆ ಹೋಗಿದ್ಲು" ಎಂದೆ.

"ಪುಸ್ತಕ ತರಿಸಿ ನೋಡಿ, ಇವರ ಕೈಬರಹವೇ ಇದೆ" ಎಂದೆ ನೀನು. ಗೂಡಿನಲ್ಲಿ ಪುಸ್ತಕ ಸಿಗಲಿಲ್ಲ. ಆಮೇಲೆ ಯಾವ ನಾಟಕ ಮಂದಿರವೂ ನಿನ್ನನ್ನು ಕರೆಯಲಿಲ್ಲ. ಹತ್ತೊಂಬತ್ತು ವರ್ಷ ನೀನು ಕ್ರಿಸ್ಟಿಯಾನ್‌ಸುಂಡಿನ ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ತುಂಬಿದೆ.

ಕ್ಷಮೆ ಕೇಳುವುದಿಲ್ಲ. ಅದನ್ನು ನಾನು ಬಹಳ ಚೆನ್ನಾಗಿ ನಟಿಸುತ್ತೇನೆ, ನಿನಗೇ ಗೊತ್ತು. ಆದರೆ ನೀನು ಗೊರಕೆ ಹೊಡೆಯುವ ಆ ದೃಶ್ಯ ತೆರೆಗೆ ಹೋಗಲು ಬಿಡಲಾರೆ. ಪಾತ್ರ ಹೋದರೆ ಹೋಗಲಿ, ಸಿನಿಮಾವೇ ನಿಂತರೆ ನಿಲ್ಲಲಿ.

ಇಂತು,
ಹಾಲ್ವರ್

ತಾ.ಕ.: ಪುಸ್ತಕ ಕಳೆದಿರಲಿಲ್ಲ. ನೀನು ಗೂಡಿನಿಂದ ಹೊರಬಂದ ಬೆನ್ನಿಗೇ ಇಳಿದು ಹೋಗಿ ಅದನ್ನು ಕೋಟಿನೊಳಗೆ ತುರುಕಿಕೊಂಡವನು ನಾನೇ. ಇಂದಿಗೂ ನನ್ನ ಬಳಿಯೇ ಇದೆ. ಎಂಬತ್ತೆಂಟನೇ ಪುಟದ ಅಂಚಿನಲ್ಲಿ ನನ್ನ ಅಪ್ಪಣೆ, ಅದರ ಕೆಳಗೆ ನಿನ್ನ ಪೆನ್ಸಿಲಿನ "ಆಗಲಿ". ನಾಳೆ ಬೆಳಗ್ಗೆ ಎಂಟಕ್ಕೆ, ಕ್ಯಾಮೆರಾ ತಿರುಗುವ ಮೊದಲು, ಎಲಿನೆ ಮತ್ತು ಲೈಟಿನವರೆಲ್ಲರ ಎದುರು ನಿಂತು, ಎಡಗೈ ಎತ್ತಿ, ಆ ಪುಟವನ್ನು ಗಟ್ಟಿಯಾಗಿ ಓದುತ್ತೇನೆ.