ಎರಡು ಕೆಂಪು ಪಟ್ಟಿ

ಬರ್ತಂಗ್ ಕಣಿವೆ
೧೯ ಏಪ್ರಿಲ್ ೨೦೧೨

ನನ್ನ ಮಗಳು ಸವ್ಸನ್‌ಗೆ,

ಯಾ ಅಲಿ ಮದದ್. ನಿನಗೂ ಅಳಿಯಂದಿರಿಗೂ ನನ್ನ ಪರ್ವೀನಾಗೂ ಆಶೀರ್ವಾದ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಹಿಮ ಜಾರಿ ರಸ್ತೆ ಮುಚ್ಚಿತ್ತು ಎಂದು ಬರೆಯಬಹುದು, ಮುಚ್ಚಿದ್ದೂ ನಿಜ. ಆದರೆ ರಸ್ತೆ ತೆರೆದು ಹತ್ತು ದಿನವಾಯಿತು, ಆ ಹತ್ತು ದಿನಕ್ಕೆ ನಾನೇ ಹೊಣೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಗುಡ್ಡ ಹತ್ತಿ, ಪಕ್ಕದ ಮನೆ ಝೈತುನ್ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುವಾಗ ಕಿರುಚಿ ಹೇಳುವ ಮಾತಲ್ಲ ಇದು.

ನಾನು ಚೆನ್ನಾಗಿದ್ದೇನೆ, ಎಡಗಣ್ಣೊಂದನ್ನು ಬಿಟ್ಟು. ಕಂದು ಮೇಕೆ ಅವಳಿ ಮರಿ ಹಾಕಿದೆ. ಜರ್ದಾಲು ಮರ ಈಗ ಹೂ ಬಿಡುತ್ತಿದೆ. ಮೊನ್ನೆ ಬಿಸಿಲಿಗೆ ಕೂತು ಹೆಣೆಯುತ್ತಿದ್ದಾಗ ಝೈತುನ್ ಬಂದು, "ನುಕ್ರಮೊ ಅಕ್ಕಾ, ಇದು ಕಾಲುಚೀಲಾನೋ, ಕುದುರೆ ಮೂತಿಗೆ ಕಟ್ಟೋ ಚೀಲಾನೋ?" ಎಂದಳು. "ನಿನ್ನ ಗಂಡನ ಮೂತಿ ಅಳತೆ ತಗೊಂಡು ಬಾರೇ, ಸರಿಯಾಗಿ ಕೂರೋ ಹಂಗೆ ಹೆಣಿತೀನಿ" ಎಂದೆ. ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

ಈ ಪತ್ರದ ಜೊತೆ ಒಂದು ಚೀಲ ಒಣ ಜರ್ದಾಲು, ಒಂದು ಪೊಟ್ಟಣ ಹಿಪ್ಪುನೇರಳೆ ಹಿಟ್ಟು ಇದೆ. ತಂದುಕೊಡುವವನು ಪೈಶಂಬೆ. ಹೌದು, ಅದೇ ಪೈಶಂಬೆ. ಮುಖ ಗಂಟು ಹಾಕಿಕೊಳ್ಳಬೇಡ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ. ಒಳಗೆ ಕರೆದು ಶಿರ್‌ಚಾಯ್ ಮಾಡಿಕೊಡು, ಬೆಣ್ಣೆ ಉಪ್ಪು ಎರಡನ್ನೂ ಧಾರಾಳವಾಗಿ ಹಾಕು. ನೀನು ಪತ್ರ ಓದಿ ಮುಗಿಸುವ ತನಕ ಅವನು ಕೂತಿರಲಿ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. "ಪರ್ವೀನಾ ತನ್ನ ಮದುವೆಗೆ ಬೀಗರ ಮನೆಯವರಿಗೆಲ್ಲ ಹದಿನೇಳು ಜೊತೆ ಕಾಲುಚೀಲ ಮುಗಿಸಿದ್ದಾಳೆ. ಮದುಮಗನ ಜೊತೆಯೇ ಎರಡು ಬೆರಳು ಗಿಡ್ಡ ಬಂದಿದೆ. ಅಳತೆ ತಪ್ಪಿದ್ದಾಳೆ. ನನ್ನ ಮದುವೆಯಲ್ಲಿ ನೀನು ಎರಡು ಕೆಂಪು ಪಟ್ಟಿ ಸೇರಿಸಿ ಉದ್ದ ಮಾಡಿದ್ದೆಯಲ್ಲ, ಅದು ಹೇಗೆ?" ಎಂದು ಬರೆದಿದ್ದೀಯ. ಇಪ್ಪತ್ತೆರಡು ವರ್ಷಗಳಲ್ಲಿ ಆ ಜೊತೆಯ ವಿಷಯ ನೀನು ಎತ್ತಿದ್ದು ಇದೇ ಮೊದಲು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಹೇಗೆಂದು ಹೇಳುತ್ತೇನೆ. ನಮ್ಮ ಕಾಲುಚೀಲ ಬೆರಳ ತುದಿಯಿಂದ ಶುರುವಾಗುವುದರಿಂದ ಬಿಚ್ಚುವುದು ಮೇಲಿನಿಂದ. ಮೊಣಕಾಲಿನ ಅಂಚು ಬಿಚ್ಚು, ಕಾಲು ಬಿಚ್ಚು, ಹಿಮ್ಮಡಿ ಬಿಚ್ಚು, ಪಾದದ ನಡುವಿಗೆ ಬಂದು ನಿಲ್ಲು. ಅಲ್ಲಿ ಎಷ್ಟು ಕಡಿಮೆಯೋ ಅಷ್ಟು ಅಗಲದ ಪಟ್ಟಿ ಹಾಕಿ, ಮತ್ತೆ ಹಿಮ್ಮಡಿ, ಮತ್ತೆ ಕಾಲು. ಮೇಲಿನ ಹೂವಿನ ಸಾಲು ಪಕ್ಕಕ್ಕೆ ಜಾರುತ್ತದೆ, ಒಂದು ಹೂವು ಬಿಟ್ಟು ಹೊಂದಿಸಿಕೊಳ್ಳಬೇಕು. ಬಿಚ್ಚಿದ ನೂಲು ಸುರುಳಿ ಬಿಡುವುದಿಲ್ಲ, ಕುದಿಯುವ ನೀರಿನ ಹಬೆಗೆ ಹಿಡಿ. ನನ್ನ ಹತ್ತಿರ ಅಂದು ನಿನ್ನ ನೀಲಿ ಬಣ್ಣದ ನೂಲು ಇರಲಿಲ್ಲ, ಕೆಂಪು ಮಾತ್ರ ಇತ್ತು. ಪಟ್ಟಿ ಬಂದದ್ದು ಹಾಗೆ. ಅಂದಕ್ಕಲ್ಲ.

ಇಷ್ಟೇ ಆಗಿದ್ದರೆ ಹತ್ತು ದಿನ ಬೇಕಿರಲಿಲ್ಲ. ಸವ್ಸನ್, ಪರ್ವೀನಾ ಹೆಣೆದದ್ದನ್ನು ಬಿಚ್ಚಬೇಡ.

ನಿನ್ನ ಮದುವೆಗೆ ನಾಲ್ಕು ದಿನ ಉಳಿದಿತ್ತು. ಎಲ್ಲರದ್ದೂ ಮುಗಿಸಿ, ಮದುಮಗನ ಜೊತೆ ಮಾತ್ರ ಕೈಗೆತ್ತಿಕೊಳ್ಳಲಿಲ್ಲ ನೀನು. "ಕೈ ನೋಯ್ತಿದೆ ಅಮ್ಮ" ಎಂದೆ. ನಿನ್ನ ಪೆಟ್ಟಿಗೆ ತೆಗೆದರೆ ಕೆಳಗೆ, ನಿನ್ನ ಶಾಲಿನಲ್ಲಿ ಸುತ್ತಿದ್ದ ನೀಲಿ ಜೊತೆ ಸಿಕ್ಕಿತು. ಅಂಥ ಒತ್ತಾದ ಹೆಣಿಗೆ ನೀನು ಬೇರೆ ಯಾರಿಗೂ ಹೆಣೆದಿರಲಿಲ್ಲ. ಒಳಗೆ ಪಾದದ ಅಳತೆಗೆ ಗಂಟು ಹಾಕಿದ ದಾರವೂ ಇತ್ತು. ಆ ದಾರ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಹುಡುಗ ತನ್ನ ಅಳತೆಯ ದಾರ ಕೊಡುವುದು, ಹುಡುಗಿಗೆ ಮನಸ್ಸಿದ್ದರೆ ಹೆಣೆಯುವುದು, ಇಲ್ಲದಿದ್ದರೆ ದಾರವನ್ನು ಹಿಂದಕ್ಕೆ ಕಳಿಸುವುದು, ಇದೆಲ್ಲ ನಾನೂ ಮಾಡಿ ಬಂದವಳೇ. ನಿಮ್ಮಪ್ಪನ ದಾರ ಇಂದಿಗೂ ನನ್ನ ದಿಂಬಿನೊಳಗೆ ಇದೆ. ಅದಕ್ಕೇ ನನಗೆ ಭಯವಾದದ್ದು. ನಿಮ್ಮಪ್ಪ ಓಶ್‌ನಿಂದ ಗೋಧಿ ಹೇರಿಕೊಂಡು ಬರುವಾಗ ಲಾರಿ ಸಮೇತ ಕಣಿವೆಗೆ ಬಿದ್ದರು. ಪೈಶಂಬೆ ಆಗ ತಾನೇ ಅದೇ ರಸ್ತೆಯಲ್ಲಿ ಲಾರಿ ಓಡಿಸಲು ಸೇರಿದ್ದ. ಬಾಗಿಲಲ್ಲಿ ನಿಂತು ದಾರಿ ಕಾಯುವ ಬಾಳು ನಿನಗೆ ಬೇಡವೆಂದು ನಾನೊಬ್ಬಳೇ ತೀರ್ಮಾನ ಮಾಡಿದೆ.

ನಿನಗೆ ಕಾಣದಂತೆ ಮೂರು ದಿನ ಕೂತು, ಆ ಜೊತೆಯನ್ನು ಅಳಿಯಂದಿರ ಅಳತೆಗೆ ಬಿಚ್ಚಿ ಹೆಣೆದೆ. ಬೆರಳಿನಿಂದ ಪಾದದ ನಡುವಿನವರೆಗೆ ನಿನ್ನ ಕೈ, ಅಲ್ಲಿಂದ ಮೇಲೆಲ್ಲ ನನ್ನ ಕೈ. ನಿನ್ನದು ಬಿಗಿ, ನನ್ನದು ಸಡಿಲ. ಕಣ್ಣಿದ್ದ ಯಾರಿಗಾದರೂ ಕಾಣಿಸುವಂತಿತ್ತು. ಮದುವೆಯ ದಿನ ಅಳಿಯಂದಿರು ಹಾಕಿಕೊಂಡು, "ಅತ್ತೆ, ನನ್ನ ಕಾಲನ್ನೇ ಅಚ್ಚಿಟ್ಟು ಹೆಣೆದಂಗಿದೆಯಲ್ಲಾ!" ಎಂದು ಮನೆ ತುಂಬ ತೋರಿಸುತ್ತ ಓಡಾಡಿದರು. ನೀನು ಅವರ ಪಾದ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. ಬಯ್ದಿದ್ದರೆ ಚೆನ್ನಾಗಿತ್ತು. ನೀನು ಬಗ್ಗಿ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಹೊರಗೆ ಹೋದೆ. ಅಂದಿನಿಂದ ನನ್ನೆದುರು ನೀನು ಹೆಣಿಗೆಯ ಕೊಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ.

ಅಳಿಯಂದಿರು ಒಳ್ಳೆಯವರು. ನಿನ್ನನ್ನು ಒಂದು ದಿನವೂ ನೋಯಿಸಿಲ್ಲ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಆದರೆ ನಿನ್ನ ಪತ್ರ ಬಂದ ಮೇಲೆ ಆ ಸಮಾಧಾನ ಉಳಿದಿಲ್ಲ. ಎಂಟನೇ ವರ್ಷಕ್ಕೆ ನನ್ನ ಮಡಿಲಲ್ಲಿ ಕೂತು ಹೆಣಿಗೆ ಕಲಿತ ಹುಡುಗಿ ಪರ್ವೀನಾ. ಅವಳು ಎರಡು ಬೆರಳು ಅಳತೆ ತಪ್ಪುತ್ತಾಳೆಯೇ? ಹದಿನಾರು ಜೊತೆ ಸರಿಯಾಗಿ ಬಂದು ಅದೊಂದೇ ಗಿಡ್ಡ ಬರುತ್ತದೆಯೇ? ಅದು ಗಿಡ್ಡವಲ್ಲ ಮಗಳೇ, ಅದು ಬೇರೆ ಯಾರದೋ ಪಾದ. ಅವಳನ್ನು ಹತ್ತಿರ ಕೂರಿಸಿಕೊಂಡು, ಯಾರದೆಂದು ಕೇಳು. ಹೇಳಲು ಎಷ್ಟು ದಿನ ತೆಗೆದುಕೊಂಡರೂ ಕಾಯಿ. ಮದುವೆ ಶರತ್ಕಾಲಕ್ಕೆ ತಾನೇ, ಬೀಗರ ಎದುರು ತಲೆ ತಗ್ಗಿಸಬೇಕಾಗಿ ಬಂದರೆ ನಾನು ಬಂದು ತಗ್ಗಿಸುತ್ತೇನೆ.

ನಿನ್ನ ಜೊತೆಯನ್ನು ಬಿಚ್ಚಿದ್ದು ತಪ್ಪು. ಬಹಳ ದೊಡ್ಡ ತಪ್ಪು. ಕ್ಷಮಿಸು ಎಂದು ಕೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ.

ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ಹಿಟ್ಟಿನ ಡಬ್ಬಿ ತುಂಬಿರಲಿ. ಪರ್ವೀನಾಳ ಹಣೆಗೆ ನನ್ನ ಮುತ್ತು.

ನಿನ್ನ ಅಮ್ಮ,
ನುಕ್ರಮೊ

ಮತ್ತೆ: ಪತ್ರ ಮಡಿಸಿಟ್ಟು ಮತ್ತೆ ತೆರೆದೆ. ಪೈಶಂಬೆ ಹೊರಗೆ ಜೀಪಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದಾನೆ, ಅಷ್ಟರೊಳಗೆ ಬರೆಯಬೇಕು. ತಲೆ ಪೂರ್ತಿ ಬೆಳ್ಳಗಾಗಿದೆ ಅವನದು. ಆ ರಸ್ತೆ ಅವನನ್ನು ಏನೂ ಮಾಡಲಿಲ್ಲ. ಈಗ ಚೀಲ ಎತ್ತಿಕೊಳ್ಳುವಾಗ ತಲೆ ಎತ್ತದೆ ಕೇಳಿದ: "ದೊಡ್ಡಮ್ಮ, ಅವತ್ತು ದಾರ ವಾಪಸ್ ಕಳಿಸ್ದಾಗ ಸವ್ಸನ್ ಏನಾದ್ರೂ ಹೇಳಿದ್ಲಾ?" "ನೆನಪಿಲ್ಲಪ್ಪ" ಎಂದೆ. ಇವತ್ತೂ ಸುಳ್ಳು ಹೇಳಿದೆ.

ಮದುವೆಗೆ ಮೂರು ದಿನವಿದ್ದಾಗ ಅವನು ನಮ್ಮ ಬಾಗಿಲಿಗೆ ಬಂದಿದ್ದ. ನೀನು ನೀರು ತರಲು ಹೋಗಿದ್ದೆ. ನಾನು ಆ ದಾರವನ್ನು ಅವನ ಕೈಗಿಟ್ಟು, "ಇದನ್ನ ನಿನಗೆ ಕೊಡು ಅಂತ ಅವಳೇ ಹೇಳಿದಾಳೆ" ಎಂದೆ. ನೀನು ಕೊಡ ಇಳಿಸಿ, "ಅಮ್ಮ, ಯಾರಾದ್ರೂ ಬಂದಿದ್ರಾ?" ಎಂದು ಕೇಳಿದೆ. "ಯಾರೂ ಬಂದಿಲ್ಲ" ಎಂದೆ. ಅವನು ಬರಲೇ ಇಲ್ಲವೆಂದು ನೀನು ನಂಬಿದೆ. ನೀನು ಬೇಡವೆಂದೆ ಎಂದು ಅವನು ನಂಬಿದ.

ಅವನು ಈಗ ನಿನ್ನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿರಬಹುದು. ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನ್ನ ಪರವಾಗಿ ನಾನು ಉತ್ತರ ಕೊಟ್ಟದ್ದು ಒಂದು ಸಲ ಸಾಕು.